ಹೂಕ್ಸೆಮಾ ಮೇಡಂ ಅವರ ಬಾಗಿಲು ಪರೀಕ್ಷೆ

ಗ್ರೋನಿಂಗನ್ ಊರಿನಲ್ಲಿ ಜಾಹೀರಾತು ಕಲಿಸುವ ಪ್ರೊಫೆಸರ್ ಸೀಟ್ಸ್ಕೆ ಹೂಕ್ಸೆಮಾ ಅವರಿಗೆ ತರಗತಿಯ ನಾಲ್ಕು ಗೋಡೆಗಳ ಮೇಲೆ ನಂಬಿಕೆಯಿಲ್ಲ. ಮಳೆಯಿರಲಿ, ಗಾಳಿಯಿರಲಿ, ವಿದ್ಯಾರ್ಥಿಗಳನ್ನು ಸೈಕಲ್ ಹತ್ತಿಸಿ, ಟಪಾಲು ಕಿಂಡಿಗೆ ‘ಜಾಹೀರಾತು ಬೇಡ’ ಎಂಬ ಚೀಟಿ ಅಂಟಿಸಿದ ಮನೆಗಳ ಮುಂದೆಯೇ ಇಳಿಸುತ್ತಾರೆ. ಗಂಟೆ ಒತ್ತಿ, ಬರೆದದ್ದನ್ನು ಮುಖ ನೋಡಿ ಓದಬೇಕು. ತಾವು ಬೇಲಿಯಾಚೆ ನಿಂತು, ಓದುವವನನ್ನು ಬಿಟ್ಟು ಕೇಳುವವರ ಹುಬ್ಬನ್ನಷ್ಟೇ ಗಮನಿಸುತ್ತಾರೆ. ಹಗಲು ಹೊತ್ತು ಹಾಸಿಗೆ ಅಂಗಡಿಗೆ ಕರಪತ್ರ ಬರೆದು ಹೊಟ್ಟೆ ಹೊರೆಯುತ್ತ, ಸಂಜೆ ಅವರ ಬಳಿ ಕಲಿಯುವ ವೆಸೆಲ್, ‘ನಿಮ್ಮ ಕನಸಿಗೊಂದು ದಿಗಂತ’ ಎಂದು ಮೊದಲ ಸಲ ಓದಿದಾಗ ಒಬ್ಬ ಅಜ್ಜಿ, “ಹಾಸಿಗೆ ಮಾರ್ತೀಯೋ ದಿಗಂತ ಮಾರ್ತೀಯೋ, ಮರಿ? ದಿಗಂತಕ್ಕೆ ಎಷ್ಟಗಲದ ಬೆಡ್‌ಶೀಟ್ ಹೊಲಿಸ್ಲಿ?” ಎಂದಿದ್ದಳು. ಬೇಲಿಯಾಚೆಯಿಂದ ಮೇಡಂ, “ಅಜ್ಜಿಗೆ ಹತ್ತಕ್ಕೆ ಹತ್ತು!” ಎಂದು ಕೂಗಿದ್ದರು. ಮೇಡಂ ಅವರ ಕೋರ್ಸ್ ಪಾಸಾಗದಿದ್ದರೆ ಹಾಸಿಗೆ ಅಂಗಡಿಯವರು ಅವನ ಕೆಲಸ ಕಾಯಂ ಮಾಡುವಂತಿರಲಿಲ್ಲ. ಕೊನೆಯ ಪರೀಕ್ಷೆ ಮೇಡಂ ಅವರ ಮನೆಯ ಬಾಗಿಲಲ್ಲೇ. ಅಲ್ಲೂ ಅದೇ ಚೀಟಿ. ವೆಸೆಲ್ ಗಂಟೆ ಒತ್ತಿದ. “ಚೀಟಿ ಕಾಣಿಸ್ಲಿಲ್ವೇನಪ್ಪ?” ಎನ್ನುತ್ತ ಮೇಡಂ ಗುರುತೇ ಇಲ್ಲದವರಂತೆ ಬಾಗಿಲು ತೆರೆದರು. ಬಾಯಿಪಾಠ ಮಾಡಿದ್ದೆಲ್ಲ ಆವಿಯಾಗಿ, “ಕಾಣಿಸ್ತು ಮೇಡಂ, ಕ್ಷಮಿಸಿ,” ಎಂದವನೇ ಸೈಕಲ್ ಕಡೆ ಓಡಿದ. “ಏಯ್, ಬಾರೋ! ಪಾಸಾದೆ,” ಎಂದು ಅವರು ಹಿಂದಿನಿಂದ ಕರೆದರು. “ಬೇಡ ಅಂದದ್ದನ್ನ ಕೇಳಿಸ್ಕೊಂಡು ವಾಪಸ್ ಹೋದವನು ಇಷ್ಟು ವರ್ಷದಲ್ಲಿ ನೀನೊಬ್ನೇ.” ವೆಸೆಲ್ ತಲೆ ತುರಿಸಿಕೊಂಡ. “ನಾನು ಹೆದರ್ಕೊಂಡು ಓಡಿದ್ದು ಮೇಡಂ.” “ಗೊತ್ತು ಕಣೋ. ಲಕ್ಷಗಟ್ಟಲೆ ಜನದ ಜೊತೆ ಮಾತಾಡೋಕೆ ಹೊರಟವರು ಒಬ್ಬರಿಗಾದ್ರೂ ಹೆದರ್ಬೇಕು.”