ನೋಯದ ಪಾದದ ಜಂಬ

ಮುಂಬಯಿಯ ನಮ್ಮ ಭಾಂಡುಪ್ ಚಾಳಿನಲ್ಲಿ ಡಾಕ್ಟರಲ್ಲದವನು ನಾನೊಬ್ಬನೇ. ಉಳಿದವರೆಲ್ಲ ನನ್ನ ಸಕ್ಕರೆ ಕಾಯಿಲೆಗೆ ಮದ್ದು ಬಲ್ಲವರು. ಮಾಳಿಗೆಯವರು ಹಾಗಲಕಾಯಿ ಎಂದರೆ ಕೆಳಗಿನವರು ಮೆಂತ್ಯ. ನಲ್ಲಿಯ ಹತ್ತಿರ ಎರಡೂ ಕಡೆಯವರು ಸೇರಿದರೆ ಬೇವು. ಇಷ್ಟೆಲ್ಲ ಕಹಿ ಕುಡಿದವನು ಸಂಜೆ ಎರಡು ಪೇಡೆ ತಿಂದರೆ ತಪ್ಪೇನು ಎಂಬುದು ನನ್ನ ಸ್ವಂತ ವೈದ್ಯ. ಒಂದು ಮಾತಿನಲ್ಲಿ ಮಾತ್ರ ಎಲ್ಲರೂ ಒಂದೇ: ಇನ್ಸುಲಿನ್ ಸೂಜಿ ಹಿಡಿದವನು ಕೆಟ್ಟ. ನಾನೂ ತಲೆಯಾಡಿಸಿ, ಆಸ್ಪತ್ರೆಯ ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿಬಿಟ್ಟಿದ್ದೆ.

ಹಿರಿಯರು ಈ ರೋಗಕ್ಕೆ ಮಧುಮೇಹವೆಂದು ಹೆಸರಿಟ್ಟವರು. ಮೂತ್ರಕ್ಕೆ ಇರುವೆ ಮುತ್ತಿದರೆ ಗುರುತು ಹಿಡಿಯುತ್ತಿದ್ದರಂತೆ. ಇರುವೆಗೆ ತಿಳಿಯುವುದು ನನ್ನಂಥ ಹೆಡ್ ಕ್ಲಾರ್ಕನಿಗೆ ತಿಳಿಯಲಿಲ್ಲ, ನೋಡಿ.

ಮಂಗಳವಾರ ಮಂಗಳವಾರ ನಮ್ಮ ಭಜನಾ ಮಂಡಳಿ ಬರಿಗಾಲಲ್ಲಿ ಘಾಟ್ಕೋಪರಿನ ಗಣಪತಿ ಗುಡಿಗೆ ನಡೆಯುತ್ತದೆ. ಏಪ್ರಿಲ್ ಬಿಸಿಲಿಗೆ ಡಾಂಬರು ಕಾದು, ಉಳಿದವರು ಹಪ್ಪಳದಂತೆ ಹಾರುತ್ತಿದ್ದರೆ ನಾನು ಆರಾಮಾಗಿ ನಡೆಯುತ್ತಿದ್ದೆ. "ಭಕ್ತಿ ಅಂದ್ರ ಇದು ನೋಡ್ರಿ!" ಎಂದರು ಮಂಡಳಿಯ ಮುಖ್ಯಸ್ಥ ಗುರಪ್ಪನವರು. ನಾನು ವಿನಯದ ಮುಖ ಮಾಡಿದೆ. ಒಳಗೆ ಹಿಗ್ಗೇ ಹಿಗ್ಗು.

ಒಂದು ಭಾನುವಾರ ತಂಗಿಯ ಮಗಳು ಸುಮಿತ್ರಾ ಬಂದಳು. ನರ್ಸಿಂಗ್ ಎರಡನೇ ವರ್ಷ. ಪರೀಕ್ಷೆಗೆ ಅಭ್ಯಾಸ ಮಾಡಲು ಒಬ್ಬ ರೋಗಿ ಬೇಕಿತ್ತು. ಪಾಪ, ಹುಡುಗಿ ಕಲಿಯಲಿ ಎಂದು ದೊಡ್ಡ ಮನಸ್ಸು ಮಾಡಿದೆ. ಗಾಜಿನ ಕೊಳವೆಯ ನೀಲಿ ದ್ರಾವಣಕ್ಕೆ ನನ್ನ ಮೂತ್ರದ ಎಂಟು ಹನಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದಳು. ನೀಲಿ ಹೋಗಿ ಇಟ್ಟಿಗೆ ಕೆಂಪಾಯಿತು, ಸಕ್ಕರೆ ಮಿತಿ ಮೀರಿದ ಗುರುತಂತೆ. ಅವಳ ಮುಖ ಸಣ್ಣಗಾಯಿತು.

"ಮಾಮಾ, ಕಾಲು ಚಾಚ್ರಿ. ಕಣ್ಣು ಮುಚ್ಚ್ರಿ. ಹತ್ತಿ ಮುಟ್ಟಿಸ್ತೀನಿ, ಮುಟ್ಟಿದಾಗ ಹೇಳ್ರಿ."

ಕಾದ ಡಾಂಬರಿನ ಪ್ರತಾಪ ಕೊಚ್ಚಿಕೊಳ್ಳುತ್ತ ಕಾದೆ. "ಇನ್ನೂ ಮುಟ್ಟಿಸೇ ಇಲ್ಲಲ್ಲವಾ?" ಎಂದೆ.

ಕಣ್ಣು ತೆರೆದರೆ ಅವಳ ಚಿಮಟದಲ್ಲಿ ಒಂದು ಸಣ್ಣ ಮೊಳೆ, ಅದರ ತುಂಬ ಕೀವು. ನನ್ನ ಕಿರುಬೆರಳಿನ ಬುಡದಿಂದ ಕಿತ್ತದ್ದು! ಎಷ್ಟು ಮಂಗಳವಾರ ಅದನ್ನು ಗಣಪತಿಗೆ ತೋರಿಸಿಕೊಂಡು ಬಂದಿದ್ದೆನೋ.

"ಇದು ಭಕ್ತಿ ಅಲ್ರಿ ಮಾಮಾ, ನರ ಸತ್ತಾವ," ಎಂದಳು ಅಳುತ್ತ. "ನಾಳೆ ಆಸ್ಪತ್ರಿಗೆ ಬರಲಿಲ್ಲಂದ್ರ ಕಾಲ ಹೋಗ್ತದ."

ಹೋದೆ. ಕಾಲು ಉಳಿಯಿತು, ಕಿರುಬೆರಳು ಹೋಯಿತು. ಒಂದು ಬೆರಳು ಕೊಟ್ಟು ಬುದ್ಧಿ ಕೊಂಡವನು ಚಾಳಿನಲ್ಲಿ ನಾನೇ ಮೊದಲಿಗ. ಸಿರಿಂಜು ಕುದಿಸುವುದನ್ನೂ, ಮೋಸಂಬಿಗೆ ಚುಚ್ಚಿ ಕೈ ಪಳಗಿಸುವುದನ್ನೂ ಸುಮಿತ್ರಾ ಕಲಿಸಿದಳು. ಈಗ ಮಂಗಳವಾರ ಚಪ್ಪಲಿ ಮೆಟ್ಟಿ ಹೋಗುತ್ತೇನೆ. "ಯಾಕ್ರೀ, ಭಕ್ತಿ ಇಳೀತೇನು?" ಎಂದು ಗುರಪ್ಪನವರು ಮೂಗು ಮುರಿಯುತ್ತಾರೆ. ಮುರಿಯಲಿ.

ಬೆಳಗ್ಗೆ ಸೂಜಿ ತೊಡೆಗಿಳಿದಾಗ ಚುರ್ರೆನ್ನುತ್ತದೆ. ಆಗಲೇ ಕೈ ಮುಗಿಯುತ್ತೇನೆ: ಅಪ್ಪಾ ಗಣಪತಿ, ಈ ನೋವನ್ನಾದರೂ ಉಳಿಸು.