ಖಾಲಿ ಬಂಗಲೆಯ ಹೊಸ್ತಿಲಲ್ಲಿ

ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ತುಮಕೂರಿನಲ್ಲಿ ಕುಣಿಗಲ್ ಬಸ್ಸು ಹತ್ತಿದೆ. ಜೊತೆಗೆ ನನ್ನ ವಿದ್ಯಾರ್ಥಿನಿ ನಾಜಿಯಾ, ಗುಬ್ಬಿಯಿಂದ ದಿನಾ ಕಾಲೇಜಿಗೆ ಬರುವವಳು. ನಾನಲ್ಲಿ ಇಂಗ್ಲಿಷ್ ಮೇಡಂ. ವಿಕ್ಟೋರಿಯಾ ರಾಣಿಯ ಕಾಲದ ಒಂದು ಕಾದಂಬರಿಯನ್ನು ವರ್ಷಾ ವರ್ಷ ಪಾಠ ಮಾಡುತ್ತೇನೆ. ಬಯಲಿನಲ್ಲಿ ಒಂಟಿ ಬಂಗಲೆ, ಸುತ್ತ ಮಂಜು, ಮಹಡಿಯಲ್ಲಿ ಬೀಗ ಹಾಕಿದ ಕೋಣೆ. ಈ ಸಲ ತರಗತಿಯಲ್ಲಿ ಹುಡುಗಿಯರು ಕಿಸಕ್ಕೆಂದರು. "ಖಾಲಿ ಮನೆ ಕಂಡ್ರೆ ಇಷ್ಟೊಂದ್ ಭಯನಾ ಮೇಡಂ?" ಎಂದು ಕೇಳಿದವಳೇ ಈ ನಾಜಿಯಾ. ಕುಣಿಗಲ್‌ನಲ್ಲಿ ಬಡಗಿಯಾಗಿರುವ ಅವಳ ಸೋದರಮಾವ ಅಂಥದ್ದೇ ಒಂದು ಹಳೇ ಬಂಗಲೆಯ ಬಾಗಿಲು ರಿಪೇರಿ ಹಿಡಿದಿದ್ದರು. ನೋಡಿಯೇ ಬಿಡೋಣ ಎಂದು ಹೊರಟೆವು.

ಆ ಭಯ ನನಗೇ ಇತ್ತು. ಯಜಮಾನರು ತೀರಿಕೊಂಡ ಮೇಲೆ ಸದಾಶಿವನಗರದ ನಮ್ಮ ಮನೆಗೆ ಬೀಗ ಜಡಿದು, ಬಟವಾಡಿಯ ತಂಗಿ ಮನೆ ಸೇರಿದ್ದೆ. ಸೀರೆ ಬೇಕಾದರೂ ನಾನು ಗೇಟಿನಲ್ಲೇ ನಿಂತು ತಂಗಿಯನ್ನು ಒಳಗೆ ಕಳಿಸುತ್ತಿದ್ದೆ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ಮನೆ ಮಾರಲು ಬ್ರೋಕರಿಗೂ ಹೇಳಿದ್ದಾಗಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಿ ಕೂತೆವು. ಹೆಬ್ಬೂರು ದಾಟಿದರೂ ಕಿಟಕಿಯಾಚೆ ಏನೂ ಕಾಣದಷ್ಟು ಮಂಜು. ಗಂಟೆಯ ದಾರಿ ಒಂದೂವರೆ ಗಂಟೆ ಹಿಡಿಯಿತು. ಕುಣಿಗಲ್‌ನಲ್ಲಿ ಬಿಸಿ ತಟ್ಟೆ ಇಡ್ಲಿ ತಿಂದು, ಅವಳ ಮಾವನ ಅಂಗಡಿಯಲ್ಲಿ ಕೀಲಿ ಇಸಿದುಕೊಂಡು, ಆಟೋದಲ್ಲಿ ಕೆರೆ ಏರಿ ದಾಟಿದೆವು.

ಮಂಜಿನೊಳಗಿಂದ ಬಂಗಲೆ ಒಮ್ಮೆಲೇ ಎದುರಾಯಿತು. ಅಬ್ಬಾ! ಎರಡಾಳೆತ್ತರದ ಬಾಗಿಲು, ಹೆಂಚು ಕುಸಿದ ಮಹಡಿ, ಗೋಡೆ ಸೀಳಿಕೊಂಡು ಬೆಳೆದ ಅರಳಿ, ಪಕ್ಕದ ಮರದ ತುಂಬ ಬಾವಲಿ. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದೆಲ್ಲ ಕಣ್ಣೆದುರು ನಿಂತಿತ್ತು. ಮೈ ಜುಮ್ಮೆಂದಿತು. ಕಾಲು ಮಾತ್ರ ಮೆಟ್ಟಿಲು ಹತ್ತಲೊಲ್ಲದು.

ನಾಜಿಯಾ ಬೀಗ ತೆಗೆದಳು. ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಹೊಸ್ತಿಲಲ್ಲಿ ನಿಂತು, ಒಳಗಿನ ಕತ್ತಲೆಗೆ ಮೆಲ್ಲಗೆ ಸಲಾಂ ಹೇಳಿದಳು.

"ಯಾರಿಗೇ ಹೇಳ್ದೆ?" ಮೆಟ್ಟಿಲ ಕೆಳಗಿನಿಂದಲೇ ಕೇಳಿದೆ.

"ಯಾರೂ ಇಲ್ಲ ಮೇಡಂ. ಖಾಲಿ ಮನೆ ಆದ್ರೂ ಸಲಾಂ ಹೇಳೇ ಒಳಗ್ ಹೋಗ್ಬೇಕು, ನಮ್ಮಲ್ಲಿ ಹಂಗೆ. ನಮ್ ಮೇಲೂ, ದೇವರ ಒಳ್ಳೇ ಜನದ್ ಮೇಲೂ ಶಾಂತಿ ಇರ್ಲಿ ಅಂತ. ನಮ್ ದಾದಿ, ಅಪ್ಪನ ಅಮ್ಮ, ಕಲಿಸವ್ರೆ. ಬನ್ನಿ ಮೇಡಂ, ಏನೂ ಆಗಲ್ಲ."

ಕೈ ಹಿಡಿದು ಕರೆದುಕೊಂಡು ಹೋದಳು. ಒಡೆದ ಹೆಂಚಿನಿಂದ ಬಿಸಿಲು ಕೋಲು ಕೋಲಾಗಿ ಇಳಿಯುತ್ತಿತ್ತು; ಅದರೊಳಗೆ ಮಂಜು ನಿಧಾನವಾಗಿ ಮೇಲೇಳುತ್ತಿತ್ತು. ಭಯ ಹೋಗಿರಲಿಲ್ಲ. ಆದರೆ ಭಯವೂ ಇಷ್ಟು ಚೆಂದವಿರುತ್ತದೆಂದು ಗೊತ್ತಿರಲಿಲ್ಲ.

ಸಂಜೆ ತುಮಕೂರಿಗೆ ಬಂದು, ನಾಜಿಯಾಳನ್ನು ಗುಬ್ಬಿ ಬಸ್ಸಿಗೆ ಹತ್ತಿಸಿ, ಆಟೋದವನಿಗೆ ಸದಾಶಿವನಗರ ಎಂದೆ. ಮನೆಯ ಬಾಗಿಲು ತೆಗೆದಾಗ ಧೂಳಿನ ವಾಸನೆ ಬಂತು. ಗೋಡೆಯಲ್ಲಿ ಯಜಮಾನರ ಅಂಗಿ ತೂಗುಹಾಕಿದಂತೆಯೇ ಇತ್ತು. ನಮ್ಮ ಲಿಂಗಾಯತರಲ್ಲಿ ಎದುರಾದವರಿಗೆಲ್ಲ ಹೇಳುವ ಮಾತೇ ನನ್ನ ಬಾಯಿಗೂ ಬಂತು.

"ಶರಣು" ಎಂದೆ.

ಯಾರೂ ಓಗೊಡಲಿಲ್ಲ. ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕಿಟಕಿಗಳನ್ನೆಲ್ಲ ತೆರೆದು, ತಂಗಿಗೆ ಫೋನ್ ಮಾಡಿದೆ.

"ನಂಗೆ ಊಟಕ್ಕೆ ಕಾಯ್ಬೇಡ ಕಣೇ. ಮನೇಲಿದೀನಿ."