ಬೆಂಚು ಹತ್ತಿದ ರೂತ್ ಮಿಸ್

ರೂತ್ ಮಿಸ್ ನಕ್ಕರೆ ಪಕ್ಕದ ಸೆಕ್ಷನ್ನಿನ ಪಾಠ ನಿಂತುಹೋಗುತ್ತಿತ್ತು, ಅಂಥ ನಗು! ಎಂಬತ್ತರ ದಶಕದಲ್ಲಿ, ರಾಜಾಜಿನಗರದ ನಮ್ಮ ಮಿಷನ್ ಶಾಲೆಯಲ್ಲಿ ಅವರು ಸಮಾಜ ಪಾಠ ಮಾಡುತ್ತಿದ್ದರು. ಮಳೆ ಬರಲಿ, ಬಂದ್ ಇರಲಿ, ಭಾನುವಾರದ ಚರ್ಚು ತಪ್ಪಿಸಿದವರಲ್ಲ. ಆದರೆ ಶಾಲೆಯ ಬೆಳಗಿನ ಪ್ರಾರ್ಥನೆಗೆ ಮುಂಚೆ ದಿನವೂ ಹೇಳುವರು: "ಇಷ್ಟ ಇದ್ದೋರು ಹೇಳಿ, ಇಲ್ದೋರು ಸುಮ್ನೆ ನಿಂತ್ಕೊಳ್ಳಿ. ಬಲವಂತಕ್ಕೆ ಕೈ ಮುಗಿದ್ರೆ ಯೇಸುಗೇ ನಾಚ್ಕೆ ಆಗುತ್ತೆ ಕಣ್ರೋ."

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಹೊಸ ಹೆಡ್ಮಾಸ್ಟರು ಬಂದರು. ಬಂದವರೇ ನೋಟೀಸು ಹಾಕಿದರು: ಎಲ್ಲ ಮಕ್ಕಳೂ ಕ್ರೈಸ್ತ ಪ್ರಾರ್ಥನೆ ಹೇಳಲೇಬೇಕು, ಹೇಳದವರು ಕ್ಲಾಸಿನ ಹೊರಗೆ. ಟೀಚರುಗಳೆಲ್ಲ ಅದಕ್ಕೆ ಸಹಿ ಮಾಡಿದರು. ರೂತ್ ಮಿಸ್ ಮಾಡಲಿಲ್ಲ. ಕೆಲಸಕ್ಕೇ ಕುತ್ತು ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಉಳಿದ ಟೀಚರುಗಳು ಹೆದರಿಸಿದರಂತೆ.

ಅದೇ ವಾರ ನಮ್ಮ ಕ್ಲಾಸಿನ ಅಣಕು ಸಂಸತ್ತು. ಮಿಸ್ ಕೊಟ್ಟ ಮಸೂದೆ ಯಾವುದು ಗೊತ್ತೇ? ದೇಶಕ್ಕೆಲ್ಲ ಕ್ರೈಸ್ತ ಧರ್ಮವೊಂದೇ, ಪ್ರಾರ್ಥನೆ ಮಾಡದವರನ್ನು ಪೊಲೀಸರು ಹಿಡಿಯಬೇಕು! ಹೆಡ್ಮಾಸ್ಟರು ಖುಷಿಯಿಂದ ಬಂದು ಮುಂದೆಯೇ ಕುಳಿತರು. ನಾನು ಗೃಹಮಂತ್ರಿ. ಮೊದಲೇ ಬಾಯಿಬಡುಕಿ, ಅಧಿಕಾರ ಸಿಕ್ಕರೆ ಕೇಳಬೇಕೆ? ಅರ್ಧ ಕ್ಲಾಸನ್ನು ಅರೆಸ್ಟ್ ಮಾಡಿ ಬೆಂಚು ಹತ್ತಿಸಿದೆ.

ಆಗ ಪ್ರಧಾನಿಯಾಗಿದ್ದ ಮೇರಿ ಎದ್ದಳು. "ಯಾವ ಚರ್ಚಿನ ಪ್ರಾರ್ಥನೆ ಅಂತ ಬರ್ದೇ ಇಲ್ವಲ್ಲ? ಪ್ರಧಾನಿ ನಾನು, ಕ್ಯಾಥೊಲಿಕ್. ನಮ್ಮ ಚರ್ಚಿಂದೇ ಕಾನೂನು. ಮಿಸ್ಸು ಪ್ರಾಟೆಸ್ಟೆಂಟು!"

ನಾನು ಹಿಂದೆಮುಂದೆ ನೋಡಲಿಲ್ಲ. "ಮಿಸ್, ನಿಮ್ಮನ್ನೂ ಅರೆಸ್ಟ್ ಮಾಡಿದೀನಿ. ಹತ್ತಿ ಬೆಂಚು!"

ಕ್ಲಾಸು ಹೋ ಎಂದಿತು. ಮಿಸ್ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಹತ್ತಿಯೇಬಿಟ್ಟರು! ಅಲ್ಲಿಂದಲೇ ಕೂಗಿದರು: "ನೋಡಿದ್ರಾ ಸಾರ್? ದೇವ್ರನ್ನ ಸರ್ಕಾರದ ಕೈಗೆ ಕೊಟ್ರೆ, ದಿನಾ ಬೈಬಲ್ ಓದೋ ನಾನೂ ಕಳ್ಳೀನೇ. ನಮ್ಮಿಬ್ರದೂ ಒಂದೇ ಚರ್ಚಲ್ವಾ? ಬನ್ನಿ, ಇಲ್ಲಿ ಇನ್ನೂ ಜಾಗ ಇದೆ."

ಹೆಡ್ಮಾಸ್ಟರು ಮುಖ ಕೆಂಪಗೆ ಮಾಡಿಕೊಂಡು ಹೊರಟುಹೋದರು. ಅಬ್ಬಾ, ಆ ದಿನದ ಗಲಾಟೆಯೇ! ಬೆಲ್ಲು ಹೊಡೆದದ್ದೇ ತಡ, ನಾವು ಹೊರಗೆ ಓಡಿದೆವು. ಅರೆಸ್ಟ್ ಮಾಡಿದವರನ್ನು ಬಿಡುಗಡೆ ಮಾಡುವುದು ನನಗೆ ನೆನಪೇ ಆಗಲಿಲ್ಲ.

ಮರುದಿನ ನೋಟೀಸು ಬೋರ್ಡಿನಲ್ಲಿರಲಿಲ್ಲ. ಬೇಸಿಗೆ ರಜೆಗೆ ಮುಂಚೆ ಮಿಸ್ಸನ್ನೂ ಕೆಲಸದಿಂದ ತೆಗೆದರು. ನನ್ನಿಂದಲೇ ಹೀಗಾಯಿತೆಂದು ಗೇಟಿನ ಬಳಿ ಅಳುತ್ತ ನಿಂತಿದ್ದೆ. ಪುಸ್ತಕದ ಚೀಲ ಹೊತ್ತು ಬಂದ ಮಿಸ್ ನನ್ನೆದುರು ನೆಟ್ಟಗೆ ನಿಂತರು.

"ಹೋಂ ಮಿನಿಸ್ಟರ್ ಮೇಡಂ, ನೀವು ನನ್ನನ್ನ ಇನ್ನೂ ರಿಲೀಸೇ ಮಾಡಿಲ್ಲ. ಹೋಗ್ಲಾ?"

"ಹೋಗ್ಬೇಡಿ ಮಿಸ್," ಎಂದೆ.